ಹಳೆಯ ಮೋಟಾರಿನ ಪೆಟ್ರೋಲ್ ಮಾಪಕ: ಗುರುತಿಸುವಿಕೆ ಮತ್ತು ಜೀರ್ಣೋದ್ಧಾರ

ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿರುವ ಸೀಮೆಯಲ್ಲಿ ಇತಿಹಾಸದ ಅಧ್ಯಾಪಕರು ಮೋಟಾರು ಗಾಡಿಯ ಪೆಟ್ರೋಲ್ ಮಾಪಕವನ್ನು ಕುರಿತು ಬರೆಯಹೊರಟರೆ ವಾಚಕರಿಗೆ ಸ್ವಲ್ಪ ವಿಚಿತ್ರವೆನಿಸಬಹುದು. ಈ ವಿಷಯವನ್ನು ನಾವು ಹುಡುಕಿಕೊಂಡು ಹೋದವರಲ್ಲ. ಅದೇ ನಮ್ಮ ಬಳಿಗೆ ಬಂದಿತು. ಯಲಬುರ್ಗಾ ಕಡೆಯ ಒಂದು ಹಳೆಯ ವಾಡೆಯಿಂದ ನಮ್ಮ ವಿದ್ಯಾರ್ಥಿಯೊಬ್ಬನು ಬಟ್ಟೆಯಲ್ಲಿ ಸುತ್ತಿ ತಂದ, ಅಂಗೈಯಗಲದ ಲೋಹದ ಉಪಕರಣವೊಂದು ಈ ಲೇಖನಕ್ಕೆ ಕಾರಣವಾಯಿತು. ಆ ಮನೆಯ ಕೊಟ್ಟಿಗೆಯಲ್ಲಿ ಚಕ್ರವಿಲ್ಲದೆ ನಿಂತಿರುವ ಷೆವರ್ಲೆ ಗಾಡಿಯಿಂದ ಅದನ್ನು ಬಿಚ್ಚಿದ್ದರು. ಮನೆಯ ಹಿರಿಯರು ಹೇಳಿಕಳುಹಿಸಿದ್ದು ಇಷ್ಟೆ: "ಇದು ನವಾಬರ ಕಾಲದ ಗಾಡೀದು ಐತ್ರಿ ಸರ. ಮುಳ್ಳು ಎದ್ರ ಸಾಕ್ರಿ." ಪಟ್ಟಣದ ಅಂಗಡಿಯೊಂದರಲ್ಲಿ ಇದರ ಮುಖವನ್ನು ಕೆರೆದು ಹೊಸದಾಗಿ ಅಚ್ಚು ಹಾಕಿಕೊಡುವುದಾಗಿಯೂ, ಇಲ್ಲವೆ ಇದನ್ನು ಎಸೆದು ಹೊಸದನ್ನು ಕೂಡಿಸಿಕೊಳ್ಳುವುದೇ ಲೇಸೆಂದೂ ಹೇಳಿದ್ದರಂತೆ. ಇವೆರಡೂ ನಮಗೆ ಸರಿಯೆಂದು ತೋರಲಿಲ್ಲ. ಏಕೆ ತೋರಲಿಲ್ಲ ಎಂಬುದನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

"ನವಾಬರ ಕಾಲ" ಎಂಬ ಮಾತಿಗೆ ಈ ಸೀಮೆಯಲ್ಲಿ ಒಂದು ನಿಶ್ಚಿತ ಅರ್ಥವುಂಟು. ಇಂದಿನ ಕೊಪ್ಪಳ ಜಿಲ್ಲೆಯು ರಚಿತವಾದದ್ದು ೧೯೯೭ರಲ್ಲಿ. ಅದಕ್ಕೆ ಮೊದಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ೧೯೫೬ರ ನವೆಂಬರ್ ೧ರವರೆಗೆ ಆ ಜಿಲ್ಲೆಯು ಹೈದರಾಬಾದು ರಾಜ್ಯದಲ್ಲಿತ್ತು. ನಾಲ್ಕರ ಪೈಕಿ ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಹೈದರಾಬಾದಿನ ಪ್ರಸಿದ್ಧ ವಸ್ತುಸಂಗ್ರಹಾಲಯಕ್ಕೆ ಹೆಸರು ಕೊಟ್ಟ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರು ೧೯೪೯ರ ಮಾರ್ಚಿನಲ್ಲಿ ತೀರಿಕೊಂಡರು. ಅದೇ ವರ್ಷ ಜಹಗೀರುಗಳೂ ರದ್ದಾದವು. ಆದುದರಿಂದ ಯಲಬುರ್ಗಾದಲ್ಲಿ "ನವಾಬರ ಕಾಲದ್ದು" ಎಂದರೆ ಅದು ೧೯೪೯ಕ್ಕಿಂತ ಹಿಂದಿನದು ಎಂದು ಹೇಳಿದಂತಾಯಿತು. ಈ ಮಾತನ್ನು ಪರೀಕ್ಷೆಗೆ ಒಡ್ಡಬಹುದು. ಇತಿಹಾಸಕಾರನಿಗೆ ಬೇಕಾದದ್ದೂ ಅದೇ.

ಈ ನಾಲ್ಕು ತಾಲ್ಲೂಕುಗಳ ಭೌಗೋಳಿಕ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿದರೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಹುಬ್ಬಳ್ಳಿ–ಗುಂತಕಲ್ಲು ರೈಲುದಾರಿ ಕೊಪ್ಪಳವನ್ನು ಮುಟ್ಟಿತ್ತು. ಉಳಿದ ಮೂರು ಊರುಗಳಿಗೆ ಆ ಕಾಲದಲ್ಲಿ ರೈಲು ಇರಲಿಲ್ಲ. ಗಂಗಾವತಿಗೆ ರೈಲು ಬಂದದ್ದೇ ೨೦೧೯ರಲ್ಲಿ. ನಾಲ್ಕು ಊರುಗಳನ್ನೂ ಸುತ್ತಿ ಮರಳಿ ಕೊಪ್ಪಳಕ್ಕೆ ಬರಲು ಹೆಚ್ಚುಕಡಿಮೆ ನೂರು ಮೈಲಿಯಾಗುತ್ತದೆ. ಅಷ್ಟು ದೂರಕ್ಕೆ ಆ ಕಾಲದ ಗಾಡಿಯು ಐದಾರು ಗ್ಯಾಲನ್ ಪೆಟ್ರೋಲನ್ನು ಕುಡಿಯುತ್ತಿತ್ತೆಂದು ಹಿಡಿಯಬಹುದು. ಎರಡನೆಯ ಮಹಾಯುದ್ಧದಲ್ಲಿ, ೧೯೪೧ರಿಂದ, ಪೆಟ್ರೋಲಿಗೆ ಪಡಿತರ ಬಂದಿತು. ಅನೇಕ ಲಾರಿ ಬಸ್ಸುಗಳು ಇದ್ದಿಲ ಅನಿಲದಿಂದ ಓಡಿದವು. ೧೯೪೮ರಲ್ಲಿ ಹೈದರಾಬಾದಿನ ಮೇಲೆ ಆರ್ಥಿಕ ದಿಗ್ಬಂಧನವಾದಾಗ ರಾಜ್ಯದೊಳಗೆ ಪೆಟ್ರೋಲು ಮತ್ತೆ ದುರ್ಲಭವಾಯಿತು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರಗಳು ನಡೆಯುತ್ತಿದ್ದ ದಿನಗಳವು. ಆ ವರ್ಷದ ಸೆಪ್ಟೆಂಬರ್ ೧೭ರವರೆಗೆ ಗಡಿಯ ಈಚೆಯ ಮೋಟಾರಿನ ಯಜಮಾನನಿಗೆ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂಬುದು ಕುತೂಹಲದ ಪ್ರಶ್ನೆಯಾಗಿರಲಾರದು.

ಆ ಗಾಡಿಗಳು ಬಂದದ್ದೆಲ್ಲಿಂದ? ಜನರಲ್ ಮೋಟಾರ್ಸ್ ಸಂಸ್ಥೆಯು ೧೯೨೮ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆಯನ್ನು ತೆರೆದು ಷೆವರ್ಲೆ ಮೊದಲಾದ ಗಾಡಿಗಳನ್ನು ಕೂಡಿಸಿ ಮಾರಿತು. ಫೋರ್ಡ್ ಸಂಸ್ಥೆಯ ಭಾರತದ ಶಾಖೆಯು ತನ್ನ ಕೆನಡಾ ಸಂಸ್ಥೆಯ ಅಧೀನದಲ್ಲಿದ್ದು ಮುಂಬಯಿ, ಮದರಾಸು, ಕಲ್ಕತ್ತೆಗಳಲ್ಲಿ ಇದೇ ಕೆಲಸವನ್ನು ಮಾಡಿತು. ದೇಶದಲ್ಲಿಯೇ ಭಾಗಗಳನ್ನು ತಯಾರಿಸಲು ಒಪ್ಪದ ಸಂಸ್ಥೆಗಳು ಹೊರಡಬೇಕೆಂಬ ಸರ್ಕಾರದ ನೀತಿಯಿಂದ ಇವೆರಡೂ ೧೯೫೦ರ ದಶಕದ ಮಧ್ಯಭಾಗಕ್ಕೆ ಬಾಗಿಲು ಹಾಕಿದವು. ಅನಂತರದ್ದು ಅಂಬಾಸಡರ್, ಫಿಯೆಟ್, ಮಹೀಂದ್ರಾ ಜೀಪುಗಳ ಯುಗ. ಮೋಟಾರನ್ನು ಮೈಸೂರಿನಲ್ಲಿಯೇ ತಯಾರಿಸಬೇಕೆಂದು ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಹಾಕಿದ ಯೋಜನೆಯು ಕೈಗೂಡಿದ್ದರೆ ನಮ್ಮ ಕೊಟ್ಟಿಗೆಯ ಗಾಡಿಯ ಅಂಕಿಗಳು ಕನ್ನಡದಲ್ಲಿರುತ್ತಿದ್ದವೋ ಏನೋ. ಅದು ಕೈಗೂಡಲಿಲ್ಲ, ಇರುವುದೆಲ್ಲ ಇಂಗ್ಲಿಷು. ಈ ಇಂಗ್ಲಿಷೇ ನಮಗೆ ಮೊದಲ ಸುಳಿವು. ಫಲಕದ ಮೇಲೆ "ಗ್ಯಾಸ್" ಅಥವಾ "ಗ್ಯಾಸೊಲೀನ್" ಎಂದಿದ್ದರೆ ಅಮೆರಿಕದ ತಯಾರಿಕೆ. "ಪೆಟ್ರೋಲ್" ಎಂದಿದ್ದರೆ ಬ್ರಿಟನ್ನಿನ ರೂಢಿ. "ಫ್ಯುಯೆಲ್" ಎಂದಷ್ಟೇ ಇದ್ದರೆ ಎರಡೂ ಆಗಬಹುದು. ಗ್ಯಾಲನ್ನಿನ ಅಂಕಿಗಳಿದ್ದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಬ್ರಿಟಿಷ್ ಗ್ಯಾಲನ್ ೪.೫೪೬ ಲೀಟರು, ಅಮೆರಿಕದ್ದು ೩.೭೮೫ ಲೀಟರು. ಇವನ್ನು ಒಂದೇ ಎಂದು ಭಾವಿಸಿದರೆ ಲೆಕ್ಕವು ಆರರಲ್ಲಿ ಒಂದು ಪಾಲಿನಷ್ಟು ತಪ್ಪುತ್ತದೆ.

ಮಾಪಕದ ಕಾಲನಿರ್ಣಯಕ್ಕೆ ಅದರ ಮುಖಕ್ಕಿಂತ ಒಳಗಿನ ರಚನೆಯೇ ಹೆಚ್ಚಿನ ಆಧಾರ. ಅತಿ ಹಳೆಯ ಗಾಡಿಗಳಲ್ಲಿ ಮಾಪಕವೇ ಇರಲಿಲ್ಲ. ೧೯೦೮ರಿಂದ ೧೯೨೭ರವರೆಗೆ ತಯಾರಾದ ಫೋರ್ಡ್ 'ಟಿ' ಮಾದರಿಯಲ್ಲಿ ಟ್ಯಾಂಕು ಮುಂದಿನ ಆಸನದ ಕೆಳಗಿರುತ್ತಿತ್ತು. ಮೆತ್ತೆಯನ್ನೆತ್ತಿ, ಗೀರು ಹಾಕಿದ ಕಟ್ಟಿಗೆಯ ಪಟ್ಟಿಯನ್ನು ಇಳಿಬಿಟ್ಟು, ಅದು ಎಷ್ಟರವರೆಗೆ ತೊಯ್ದಿದೆ ಎಂದು ನೋಡಬೇಕು. ನಮ್ಮ ರೈತರು ಹಗೇವಿನಲ್ಲಿ ಕೋಲು ಇಳಿಸಿ ಜೋಳವೆಷ್ಟಿದೆ ಎಂದು ನೋಡುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಅದರ ಮುಂದಿನ 'ಎ' ಮಾದರಿಯಲ್ಲಿ ಟ್ಯಾಂಕು ಚಾಲಕನ ಮುಂದೆಯೇ, ಫಲಕದ ಬೆನ್ನಿಗಿತ್ತು. ಬೆಂಡಿನ ತೇಲು ಏರಿಳಿದಂತೆ ಅಂಕಿ ಬರೆದ ಸಣ್ಣ ಉರುಳೆಯು ಗಾಜಿನ ಹಿಂದೆ ತಿರುಗುತ್ತಿತ್ತು. ಇಂತಹ ಮಾಪಕದಲ್ಲಿ ತಂತಿಯಾಗಲಿ ಕೊಳವೆಯಾಗಲಿ ಇರುವುದಿಲ್ಲ. ಕಾಲಕ್ರಮದಲ್ಲಿ ಅದರ ಸುತ್ತಲಿನ ಬೆಂಡಿನ ಬಳೆ ಒಣಗಿ ಪೆಟ್ರೋಲು ಚಾಲಕನ ಕಾಲಮೇಲೆ ತೊಟ್ಟಿಕ್ಕುವುದೊಂದೇ ಅದರ ದೊಡ್ಡ ದೋಷ.

ಟ್ಯಾಂಕು ಗಾಡಿಯ ಹಿಂಬದಿಗೆ ಹೋದಮೇಲೆ ನಿಜವಾದ ಸಮಸ್ಯೆ ಆರಂಭವಾಯಿತು. ಹತ್ತು ಹನ್ನೆರಡು ಅಡಿ ಹಿಂದಿರುವ ದ್ರವದ ಮಟ್ಟವನ್ನು ಚಾಲಕನ ಕಣ್ಣಮುಂದೆ ತೋರಿಸುವುದು ಹೇಗೆ? ಇದಕ್ಕೆ ದೊರೆತ ಉತ್ತರಗಳಲ್ಲಿ ನಮಗೆ ಅತ್ಯಂತ ಮನೋಹರವೆನಿಸುವುದು 'ಟೆಲಿಗೇಜ್'. ಅಮೆರಿಕದಲ್ಲಿ ಕಿಂಗ್–ಸೀಲಿ ಸಂಸ್ಥೆಯೂ ಬ್ರಿಟನ್ನಿನಲ್ಲಿ ಹಾಬ್ಸನ್ ಸಂಸ್ಥೆಯೂ ಇದನ್ನು ತಯಾರಿಸಿದವು. ೧೯೩೨ರ ಫೋರ್ಡ್ 'ವಿ-೮' ಗಾಡಿಯಲ್ಲಿಯೂ ಇದೇ ಇತ್ತು. ಟ್ಯಾಂಕಿನ ತಳದಲ್ಲಿ ಸೆರೆಸಿಕ್ಕ ಗಾಳಿಯನ್ನು ಮೇಲಿನ ಪೆಟ್ರೋಲು ಒತ್ತುತ್ತದೆ. ಆ ಒತ್ತಡವು ಸಣ್ಣ ತಾಮ್ರದ ಕೊಳವೆಯ ಮೂಲಕ ಮುಂದಕ್ಕೆ ಬಂದು, ಗಾಜಿನ ನಳಿಕೆಯಲ್ಲಿರುವ ಕೆಂಪು ದ್ರವವನ್ನು ಮೇಲಕ್ಕೇರಿಸುತ್ತದೆ. ಆ ದ್ರವವು ನೀರಿಗಿಂತ ಸುಮಾರು ಮೂರು ಪಟ್ಟು ಭಾರ. ಪೆಟ್ರೋಲು ನೀರಿನ ಮುಕ್ಕಾಲು ಪಾಲು ಭಾರ. ಆದುದರಿಂದ ಟ್ಯಾಂಕಿನಲ್ಲಿ ಒಂದು ಅಡಿ ಪೆಟ್ರೋಲಿದ್ದರೆ ನಳಿಕೆಯಲ್ಲಿ ಮೂರು ಅಂಗುಲ ಕೆಂಪು ಕಾಣುತ್ತದೆ. ಫಲಕದಲ್ಲಿ ಮುಳ್ಳಿಲ್ಲದೆ, ಉಷ್ಣಮಾಪಕದಂತೆ ನಿಂತ ಗಾಜಿನ ನಳಿಕೆ ಕಂಡರೆ ಅದು ಈ ಜಾತಿಯದೆಂದೂ, ೧೯೨೦ರ ದಶಕದ ಕೊನೆ ಅಥವಾ ೧೯೩೦ರ ದಶಕದ ಮೊದಲ ಭಾಗದ್ದಾಗಿರುವ ಸಂಭವ ಹೆಚ್ಚೆಂದೂ ತಿಳಿಯಬಹುದು. ಕೊಳವೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಾದರೂ ಅದು ಕಡಮೆ ತೋರಿಸುತ್ತದೆ. ನಳಿಕೆಯು ಬರಿದಾಗಿದ್ದರೆ ಕೈಗೆ ಸಿಕ್ಕ ಕೆಂಪು ನೀರನ್ನು ಸುರಿಯಬಾರದು. ತೂಕ ಬೇರೆಯಾದರೆ ಅಳತೆಯೆಲ್ಲ ಸುಳ್ಳಾಗುತ್ತದೆ. ಮೂಲದ್ರವವು ಬ್ರೋಮಿನ್ ಸಂಯುಕ್ತವಾದ್ದರಿಂದ ವಿಷಕಾರಿ ಎಂಬುದನ್ನೂ ಮರೆಯಬಾರದು.

ಮೂರನೆಯದು ವಿದ್ಯುತ್ ಮಾಪಕ. ನಮ್ಮ ಸೀಮೆಯಲ್ಲಿ ಉಳಿದಿರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಟ್ಯಾಂಕಿನೊಳಗೆ ಒಂದು ತೇಲು, ಅದರ ತೋಳು, ತೋಳಿನ ತುದಿಯು ಸವರುವ ಸಣ್ಣ ತಂತಿಯ ಸುರುಳಿ. ಮಟ್ಟ ಬದಲಾದಂತೆ ವಿದ್ಯುತ್ತಿನ ದಾರಿಯಲ್ಲಿರುವ ತಡೆ ಬದಲಾಗುತ್ತದೆ. ಆದರೆ ಈ ತಡೆಯನ್ನು ಓದುವ ಮುಂದಿನ ಉಪಕರಣದಲ್ಲಿ ಎರಡು ಪ್ರಭೇದಗಳುಂಟು. ಹೊರಗೆ ಒಂದೇ ತೆರನಾಗಿ ಕಂಡರೂ ಇವು ಒಂದಕ್ಕೊಂದು ವಿರುದ್ಧ.

ಮೊದಲನೆಯ ಪ್ರಭೇದದಲ್ಲಿ ಎರಡು ವಿದ್ಯುತ್ ಸುರುಳಿಗಳು ನಡುವಣ ಕಬ್ಬಿಣದ ತುಂಡನ್ನು ಎರಡು ಕಡೆಗೆ ಎಳೆಯುತ್ತವೆ. ಯಾವುದರ ಸೆಳೆತ ಹೆಚ್ಚೋ ಅತ್ತ ಮುಳ್ಳು ವಾಲುತ್ತದೆ. ಜನರಲ್ ಮೋಟಾರ್ಸ್ ಗಾಡಿಗಳ ಎ.ಸಿ. ಮಾಪಕವೂ ಹಳೆಯ ಬ್ರಿಟಿಷ್ ಗಾಡಿಗಳ ಸ್ಮಿತ್ಸ್ ಮಾಪಕವೂ ಈ ಬಗೆಯವು. ಮುಳ್ಳು ಚುರುಕಾಗಿ ಚಲಿಸುತ್ತದೆ, ರಸ್ತೆಯ ಕುಣಿಗಳಿಗೆ ಕುಣಿಯುತ್ತದೆ. ಬ್ಯಾಟರಿಯ ಬಲ ತುಸು ಕುಗ್ಗಿದರೂ ಎರಡು ಸುರುಳಿಗಳೂ ಸಮನಾಗಿ ಕುಗ್ಗುವುದರಿಂದ ಅಳತೆ ಕೆಡುವುದಿಲ್ಲ. ಎರಡನೆಯ ಪ್ರಭೇದದಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ವಿದ್ಯುತ್ತಿನಿಂದ ಕಾಯ್ದು ಬಾಗಿ ಮುಳ್ಳನ್ನು ನೂಕುತ್ತದೆ. ಇದರ ಮುಳ್ಳು ನಿಧಾನ. ಬೀಗವನ್ನು ತಿರುಗಿಸಿದ ಮೇಲೆ ಸಾವಕಾಶವಾಗಿ ಏರುತ್ತದೆ, ನಿಲ್ಲಿಸಿದ ಮೇಲೆ ಸಾವಕಾಶವಾಗಿ ಇಳಿಯುತ್ತದೆ. ಫೋರ್ಡ್ ಗಾಡಿಗಳಲ್ಲಿ ೧೯೩೦ರ ದಶಕದ ಮಧ್ಯದಿಂದಲೂ ಬ್ರಿಟಿಷ್ ಮಾದರಿಯ ಗಾಡಿಗಳಲ್ಲಿ ಮುಖ್ಯವಾಗಿ ೧೯೬೦ರ ದಶಕದಿಂದಲೂ ಇದು ಬಳಕೆಗೆ ಬಂದಿತು. ಬ್ರಿಟಿಷರದಕ್ಕೆ ವೋಲ್ಟೇಜನ್ನು ೧೦ ವೋಲ್ಟಿನಲ್ಲಿ ನಿಲ್ಲಿಸುವ ಒಂದು ಪುಟ್ಟ ಪೆಟ್ಟಿಗೆಯೂ ಜೊತೆಗಿರುತ್ತದೆ.

ಇವೆರಡನ್ನು ಬೇರ್ಪಡಿಸಲು ಒಂದು ಸುಲಭ ಪರೀಕ್ಷೆಯುಂಟು. ಟ್ಯಾಂಕಿನಿಂದ ಬರುವ ತಂತಿಯನ್ನು ಮಾಪಕದ ಕೊಂಡಿಯಿಂದ ಬಿಚ್ಚಬೇಕು. ಸುರುಳಿಯ ಮಾಪಕವಾದರೆ ಮುಳ್ಳು ತುಂಬಿದ ಗುರುತಿನತ್ತ ಹಾರುತ್ತದೆ. ಪಟ್ಟಿಯ ಮಾಪಕವಾದರೆ ಖಾಲಿಯಲ್ಲಿಯೇ ಬಿದ್ದಿರುತ್ತದೆ. ಮೊದಲನೆಯ ಬಗೆಯಲ್ಲಿ ಆ ಕೊಂಡಿಯನ್ನು ತಂತಿಯಿಂದ ಗಾಡಿಯ ಮೈಗೆ ಮುಟ್ಟಿಸಿದರೆ ಮುಳ್ಳು ಖಾಲಿಗೆ ಇಳಿಯಬೇಕು. ಎರಡನೆಯ ಬಗೆಯಲ್ಲಿ ಹೀಗೆ ಮುಟ್ಟಿಸಿ ಹಿಡಿದರೆ ಪಟ್ಟಿಯು ಸುಟ್ಟುಹೋಗುವ ಅಪಾಯವಿದೆಯಾದ್ದರಿಂದ ಬಿಚ್ಚಿ ನೋಡುವುದಕ್ಕೇ ತೃಪ್ತರಾಗುವುದು ಲೇಸು. ಒಂದು ಜಾತಿಯ ಮಾಪಕಕ್ಕೆ ಇನ್ನೊಂದು ಜಾತಿಯ ತೇಲನ್ನು ಜೋಡಿಸಿ, ಟ್ಯಾಂಕು ತುಂಬಿದಾಗ ಖಾಲಿಯೆಂದೂ ಖಾಲಿಯಾದಾಗ ತುಂಬಿದೆಯೆಂದೂ ತೋರಿಸುವ ಗಾಡಿಗಳು ಹೀಗೆಯೇ ಸೃಷ್ಟಿಯಾಗುತ್ತವೆ.

ಈಗ ನಮ್ಮ ಉಪಕರಣಕ್ಕೆ ಬರೋಣ. ಅದರ ಬೆನ್ನಿನ ತಗಡಿನ ಮೇಲೆ ಎ.ಸಿ. ಎಂಬ ಗುರುತು ಸ್ಪಷ್ಟವಾಗಿತ್ತು. ಈ ಎರಡು ಅಕ್ಷರಗಳು ಸಂಸ್ಥಾಪಕ ಆಲ್ಬರ್ಟ್ ಷಾಂಪಿಯನ್ನನ ಹೆಸರಿನ ಮೊದಲಕ್ಷರಗಳು. ವಿದ್ಯುತ್ತಿನ ಬಗೆಯನ್ನು ಹೇಳುವ ಎ.ಸಿ. ಅಲ್ಲ. ನಮ್ಮ ವಿದ್ಯಾರ್ಥಿಗಳು ಇಲ್ಲಿ ಒಮ್ಮೆ ಎಡವಿದರು. ಭೌತವಿಜ್ಞಾನದ ಸಹೋದ್ಯೋಗಿಗಳು ೬ ವೋಲ್ಟಿನ ಬ್ಯಾಟರಿಯನ್ನು ಒದಗಿಸಿಕೊಟ್ಟರು. ಕೊಂಡಿ ಬಿಚ್ಚಿದಾಗ ಮುಳ್ಳು ತುಂಬಿದ ಕಡೆಗೆ ಹಾರಿತು, ಮೈಗೆ ಮುಟ್ಟಿಸಿದಾಗ ಖಾಲಿಗೆ ಬಿದ್ದಿತು. ಅಂದರೆ ಎರಡು ಸುರುಳಿಗಳೂ ಜೀವಂತವಾಗಿದ್ದವು. ಎಸೆಯಬೇಕೆಂದು ಹೇಳಿದ್ದ ಉಪಕರಣದಲ್ಲಿ ದೋಷವೇ ಇರಲಿಲ್ಲ. ದೋಷವಿದ್ದುದು ಟ್ಯಾಂಕಿನೊಳಗಿನ ಭಾಗದಲ್ಲಿ: ಸುರುಳಿಯ ತಂತಿ ನಡುವೆ ಕಡಿದಿತ್ತು, ಹಿತ್ತಾಳೆಯ ತೇಲು ತೂತಾಗಿ ಮುಳುಗಿತ್ತು. ಕಡಿದ ಎರಡು ತುಂಡುಗಳನ್ನು ಪ್ರತ್ಯೇಕವಾಗಿ ಅಳೆದು ಕೂಡಿಸಿದಾಗ ತಡೆಯು ೩೦ ಓಮಿನಷ್ಟು ಬಂದಿತು. ಇದು ಜನರಲ್ ಮೋಟಾರ್ಸ್ ಗಾಡಿಗಳಲ್ಲಿ ೧೯೬೦ರ ದಶಕದ ಮಧ್ಯದವರೆಗೆ ನಡೆದ ಅಳತೆ. ಅನಂತರ ಅದು ೯೦ ಓಮಿಗೆ ಬದಲಾಯಿತು. ಡೈನಮೋದ ತಗಡಿನ ಮೇಲೆಯೂ ಫಲಕದ ಹಿಂದಿನ ಬಲ್ಬಿನ ಮೇಲೆಯೂ ೬ ವೋಲ್ಟ್ ಎಂದಿತ್ತು. ಷೆವರ್ಲೆಯು ೧೨ ವೋಲ್ಟಿಗೆ ಬದಲಾದದ್ದು ೧೯೫೫ರ ಮಾದರಿಯಿಂದ. ಇಷ್ಟರಿಂದ ಗಾಡಿಯು ೧೯೫೪ಕ್ಕಿಂತ ಈಚಿನದಲ್ಲ ಎಂದು ತಿಳಿದುಬರುತ್ತದೆ. ಮನೆಯವರ ಮಾತಿಗೆ ಇದು ವಿರೋಧವಲ್ಲ. ಆದರೆ ಅದನ್ನು ಸ್ಥಾಪಿಸುವುದೂ ಇಲ್ಲ. ೧೯೪೯ಕ್ಕೂ ೧೯೫೪ಕ್ಕೂ ನಡುವಣ ಐದು ವರ್ಷಗಳ ಅಂತರವನ್ನು ಮಾಪಕವು ಮುಚ್ಚಲಾರದು. ಮೇಲಾಗಿ ಮಾಪಕವು ಅದೇ ಗಾಡಿಯದೆಂಬುದಕ್ಕೆ ಬಟ್ಟೆ ಸುತ್ತಿದ ಹಳೆಯ ತಂತಿಯು ಎಲ್ಲಿಯೂ ಕತ್ತರಿಸಿ ಜೋಡಿಸಿರದಿದ್ದುದೇ ನಮಗಿದ್ದ ಆಧಾರ.

ಮುಂದಿನ ಸಂಗತಿಯನ್ನು ಹೇಳುವಾಗ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಮಾಪಕವು ಬಂದ ದಿನ ಅದರ ಗಾಜಿನ ಮೇಲೆ ಧೂಳೂ ಜಿಡ್ಡೂ ಮುಸುಕಿದ್ದವು. ಯಾವ ಶಾಸನಕ್ಕೂ ನಾವು ಹಾಗೆ ಮಾಡುತ್ತಿರಲಿಲ್ಲ. ಇದು ಯಂತ್ರವಲ್ಲವೆ ಎಂದು ಹತ್ತಿಯನ್ನು ಪೆಟ್ರೋಲಿನಲ್ಲಿ ಅದ್ದಿ ಒರೆಸಲು ಆರಂಭಿಸಿದೆವು. ಎಡಗಡೆಯ ಕೆಳ ಅಂಚನ್ನು ಒರೆಸಿದಾಗ ಹತ್ತಿ ಕೆಂಪಾಯಿತು. ತುಕ್ಕೆಂದು ಭಾವಿಸಿದೆವು. ಇನ್ನೂ ಸ್ವಲ್ಪ ಮೇಲೆ ಬಂದಾಗ ಗಾಜಿನ ಅಂಚಿನಲ್ಲಿ ಕೆಂಪು ಬಣ್ಣದ ಸಣ್ಣ ಚುಕ್ಕೆಯೊಂದು ಕಂಡಿತು. ಅದರ ಮುಂದೆ ಮತ್ತೊಂದು, ಅದರಾಚೆ ಇನ್ನೊಂದು. ಕೈಬಿಟ್ಟೆವು. ಉಳಿದವು ಮೂರು, ನಾವು ಒರೆಸಿಹಾಕಿದ್ದು ನಾಲ್ಕನೆಯದು, ಖಾಲಿಯ ಗುರುತಿಗೆ ಎಲ್ಲಕ್ಕಿಂತ ಹತ್ತಿರವಾಗಿದ್ದದ್ದು. ಒರೆಸುವುದಕ್ಕೆ ಮೊದಲು ಒಂದು ಛಾಯಾಚಿತ್ರವನ್ನಾದರೂ ತೆಗೆದಿದ್ದರೆ ಅದರ ಸ್ಥಾನವು ನಿಖರವಾಗಿ ತಿಳಿಯುತ್ತಿತ್ತು. ತೆಗೆದಿರಲಿಲ್ಲ.

ಉಳಿದ ಮೂರು ಚುಕ್ಕೆಗಳು ಫಲಕದ ಕಾಲು, ಅರೆ, ಮುಕ್ಕಾಲು ಗುರುತುಗಳ ಮೇಲಿರಲಿಲ್ಲ. ಪ್ರತಿಯೊಂದೂ ಆಯಾ ಗುರುತಿನಿಂದ ಮುಂದಕ್ಕೆ ಸರಿದಿತ್ತು. ಮೂರನೆಯದು ತುಂಬಿದ ಗುರುತಿಗೆ ತುಸು ಈಚೆ ನಿಂತಿತ್ತು. ಯಾರೋ ಲೆಕ್ಕ ಹಾಕಿಯೇ ಇಟ್ಟಿದ್ದರೆಂಬುದು ಸ್ಪಷ್ಟ. ಯಾವ ಲೆಕ್ಕ? ಇದನ್ನು ತಿಳಿಯಲು ತೇಲನ್ನೂ ಸುರುಳಿಯನ್ನೂ ದುರಸ್ತು ಮಾಡಿದ ಮೇಲೆ ಟ್ಯಾಂಕನ್ನು ಅಳೆಯುವುದೊಂದೇ ದಾರಿಯಾಗಿತ್ತು. ಟ್ಯಾಂಕನ್ನು ಗಾಡಿಯಿಂದ ಇಳಿಸಿ, ತೊಳೆದು, ಬಯಲಿನಲ್ಲಿ ದಿನಗಟ್ಟಲೆ ಗಾಳಿಗಿಟ್ಟು, ಸಮನೆಲದ ಮೇಲೆ ಕೂಡಿಸಿ ನೀರಿನಿಂದ ತುಂಬಿದೆವು. ಅಷ್ಟು ಪೆಟ್ರೋಲನ್ನು ತೆರೆದ ಜಾಗದಲ್ಲಿ ಸುರಿದಾಡುವುದು ಹುಚ್ಚುತನವಾದೀತು. ಬಾಯಿಯವರೆಗೆ ಹಿಡಿದದ್ದು ೬೦ ಲೀಟರಿಗೆ ಸ್ವಲ್ಪ ಹೆಚ್ಚು.

ಮೊದಲು ಜೆರ್ರಿಕ್ಯಾನಿನ ಲೆಕ್ಕವನ್ನು ಪರೀಕ್ಷಿಸಿದೆವು. ಯುದ್ಧಕಾಲದಲ್ಲಿ ಸೈನ್ಯಗಳಲ್ಲಿ ಹಬ್ಬಿದ ಈ ಉಕ್ಕಿನ ಡಬ್ಬಿಯು ೨೦ ಲೀಟರಿನದು. ಅದರಂತೆ ಸುರಿದರೆ ಮೂರನೆಯದಕ್ಕೆ ಟ್ಯಾಂಕೇ ತುಂಬಿ ಮುಳ್ಳು ಕೊನೆಯನ್ನು ಮುಟ್ಟಿತು. ಚುಕ್ಕೆಯನ್ನು ಎಂದೋ ದಾಟಿಯಾಗಿತ್ತು. ಅನಂತರ ನಮ್ಮ ಊರುಗಳಲ್ಲಿ ಇಂದಿಗೂ ನೀರಿಗೋ ಕಾಳಿಗೋ ಬಳಸುವ ಹಳೆಯ ಚೌಕ ಡಬ್ಬವನ್ನು ತೆಗೆದುಕೊಂಡೆವು. ಸೀಮೆಎಣ್ಣೆಯು ಊರೂರಿಗೆ ಬರುತ್ತಿದ್ದ ಈ ತಗಡಿನ ಡಬ್ಬವು ನಾಲ್ಕು ಬ್ರಿಟಿಷ್ ಗ್ಯಾಲನ್ನಿನದು, ಅಂದರೆ ೧೮ ಲೀಟರಿಗೆ ತುಸು ಮೇಲೆ. ಮೊದಲ ಡಬ್ಬಕ್ಕೆ ಮುಳ್ಳು ಮೊದಲ ಚುಕ್ಕೆಯ ಮೇಲೆ, ಎರಡನೆಯದಕ್ಕೆ ಎರಡನೆಯದರ ಮೇಲೆ ಒಂದು ಕೂದಲೆಳೆ ಮುಂದೆ, ಮೂರನೆಯದಕ್ಕೂ ಹಾಗೆಯೇ ತುಸು ಮುಂದೆ ಬಂದು ನಿಂತಿತು. ಈ ಅಲ್ಪ ವ್ಯತ್ಯಾಸಕ್ಕೂ ಕಾರಣವನ್ನು ಊಹಿಸಬಹುದು. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತೇಲು ಅದರಲ್ಲಿ ಕಡಮೆ ಮುಳುಗಿ ಎತ್ತರವಾಗಿ ನಿಲ್ಲುತ್ತದೆ. ಜೊತೆಗೆ ಸುರುಳಿಯ ತಂತಿಯನ್ನು ನಾವು ಹೊಸದಾಗಿ ಸುತ್ತಿದ್ದೆವು.

ಈ ಚುಕ್ಕೆಗಳಿಂದ ಏನನ್ನು ಹೇಳಬಹುದು, ಏನನ್ನು ಹೇಳಬಾರದು? ಗಾಡಿಯನ್ನು ನಡೆಸುತ್ತಿದ್ದವನಿಗೆ ಪೆಟ್ರೋಲಿನ ಮಾನವು ಫಲಕದ ಕಾಲು ಅರೆಗಳಾಗಲಿ ಗ್ಯಾಲನ್ನಾಗಲಿ ಅಲ್ಲದೆ ಡಬ್ಬವಾಗಿತ್ತು ಎಂದು ಹೇಳಬಹುದು. ಬೇರೆಲ್ಲಿಂದಲೋ ಡಬ್ಬಗಳಲ್ಲಿ ತರಿಸಿ ಮನೆಯಲ್ಲಿ ತುಂಬುತ್ತಿದ್ದವನಿಗೆ "ಇನ್ನೆಷ್ಟು ಡಬ್ಬ ಹಿಡಿಯುತ್ತದೆ" ಎಂಬುದೇ ನಿಜವಾದ ಪ್ರಶ್ನೆ. ಇಂಗ್ಲಿಷು ಓದಲು ಬಾರದವನಿಗೂ ಈ ಚುಕ್ಕೆಗಳು ಸಾಕು. ಪಡಿತರದ ಕಾಲಕ್ಕಾಗಲಿ ೧೯೪೮ರ ದಿಗ್ಬಂಧನದ ತಿಂಗಳುಗಳಿಗಾಗಲಿ ಇದನ್ನು ಗಂಟುಹಾಕುವ ಆಸೆ ನಮಗೂ ಆಯಿತು. ಕಥೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ಚುಕ್ಕೆಗೆ ತಾರೀಖಿಲ್ಲ. ಪಂಪು ದೂರವಿದ್ದ ಯಾವ ವರ್ಷದಲ್ಲಿಯಾದರೂ ಹೀಗೆ ಗುರುತು ಮಾಡಿಕೊಂಡಿರಬಹುದು. ಅಳಿಸಿಹೋದ ನಾಲ್ಕನೆಯ ಚುಕ್ಕೆಯ ಬಗೆಗೆ ಮನೆಯ ಹಿರಿಯರನ್ನು ಕೇಳಿದಾಗ ತಾವು ಹುಡುಗರಾಗಿದ್ದಾಗಿನ ಚಾಲಕನ ಮಾತೊಂದನ್ನು ನೆನೆದರು: "ಮುಳ್ಳು ಕೆಂಪಿನ ಕೆಳಗ ಇಳಿದ್ರ ಗದಗಿಗೆ ಹೋಗಂಗಿಲ್ಲ ಅಂತಿದ್ದ ನೋಡ್ರಿ." ಇದು ಆ ಚುಕ್ಕೆಯ ಮಾತೇ ಆಗಿದ್ದರೆ, ಹೋಗಿ ಬರುವ ದಾರಿಗೆ ಬೇಕಾದ ಕನಿಷ್ಠ ಪೆಟ್ರೋಲಿನ ಗುರುತನ್ನು ನಾವು ಹತ್ತಿಯಿಂದ ಒರೆಸಿದಂತಾಯಿತು.

ಅಂಗಡಿಯವರು ಸೂಚಿಸಿದಂತೆ ಮುಖವನ್ನು ಹೊಸದು ಮಾಡಿಸಿದ್ದರೆ ನಾಲ್ಕೂ ಹೋಗುತ್ತಿದ್ದವು, ಹೋದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಹಳೆಯ ಗಾಡಿಗಳಿಗೆ ಈಗ ಬೆಲೆ ಬಂದಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಅವುಗಳ ದೊಡ್ಡ ಸಂಗ್ರಹವನ್ನೇ ಕಾಣಬಹುದು. ೨೦೨೧ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳು ಮೊದಲ ನೋಂದಣಿಯಾಗಿ ೫೦ ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ಗಾಡಿಗಳಿಗೆ 'ವಿಎ' ಅಕ್ಷರಗಳ ಪ್ರತ್ಯೇಕ ನೋಂದಣಿಯನ್ನು ಕೊಡುತ್ತವೆ. ಇದರಿಂದ ಕೊಟ್ಟಿಗೆಗಳಿಂದ ಗಾಡಿಗಳು ಹೊರಬರುತ್ತಿರುವುದು ಸಂತೋಷವೇ. ಆದರೆ ಹೊಳಪು ಬಂದರೆ ಮೂಲರೂಪ ಬಂದಿತೆಂಬ ಭ್ರಮೆಯೂ ಜೊತೆಗೇ ಹೊರಬರುತ್ತಿದೆ. ದೇವಾಲಯದ ಗೋಡೆಗೆ ಸುಣ್ಣ ಬಳಿದು ಶಾಸನವನ್ನು ಮುಚ್ಚಿದವರನ್ನು ನಾವು ದೂರುತ್ತೇವೆ. ಇದು ಅದಕ್ಕಿಂತ ಬಹಳ ಬೇರೆಯಲ್ಲ.

ದುರಸ್ತಿಯ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಮೊದಲು ನೋಡಬೇಕಾದದ್ದು ಟ್ಯಾಂಕು ಗಾಡಿಯ ಮೈಗೆ ವಿದ್ಯುತ್ತಿನ ದೃಷ್ಟಿಯಿಂದ ಸರಿಯಾಗಿ ಕೂಡಿದೆಯೇ ಎಂಬುದನ್ನು. ತುಕ್ಕೋ ಹೊಸ ಬಣ್ಣವೋ ಅಡ್ಡಬಂದರೆ ತಡೆ ಹೆಚ್ಚಿ, ಎ.ಸಿ. ಮಾಪಕವು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಖಾಲಿ ಟ್ಯಾಂಕನ್ನು ಅರ್ಧ ತುಂಬಿದೆಯೆಂದು ನಂಬಿಸುವ ದೋಷವಾದ್ದರಿಂದ ಇದು ಕೆಟ್ಟದ್ದು. ಹಿತ್ತಾಳೆಯ ತೇಲಿನ ತೂತನ್ನು ಕಂಡುಹಿಡಿಯಲು ಅದನ್ನು ಬಿಸಿನೀರಿನಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆಗಳು ಏಳುತ್ತವೆ. ಒಳಗೆ ಸೇರಿದ ಪೆಟ್ರೋಲು ಪೂರ್ತಿಯಾಗಿ ಹೊರಹೋಗುವವರೆಗೆ ಬೆಸುಗೆಯ ಸಲಾಕೆಯನ್ನು ಹತ್ತಿರ ತರಬಾರದು. ತೇಲಿನ ತೂಕ ಹೆಚ್ಚದಂತೆ ಬೆಸುಗೆ ತೆಳುವಾಗಿರಬೇಕು. ಕಡಿದ ಸುರುಳಿಗೆ ಹೊಸ ತಂತಿಯನ್ನು ಸುತ್ತುವಾಗ ಒಟ್ಟು ತಡೆಯು ಮೊದಲಿನಷ್ಟೇ ಇರಬೇಕು. ೬ ವೋಲ್ಟಿನ ಮಾಪಕವನ್ನು ೧೨ ವೋಲ್ಟಿಗೆ ನೇರವಾಗಿ ಕೊಟ್ಟರೆ ಮುಳ್ಳು ಸರಿಯಾಗಿಯೇ ತೋರಿಸೀತು. ಆದರೆ ಸುರುಳಿಗಳು ಕಾಯ್ದು ಕೆಲಕಾಲದಲ್ಲಿ ಕೆಡುತ್ತವೆ.

ಬೆಂಡಿನ ತೇಲಿನ ವಿಷಯದಲ್ಲಿ ಹಳೆಯ ಪುಸ್ತಕಗಳನ್ನು ನಂಬುವಂತಿಲ್ಲ. ಅವು ಬೆಂಡಿಗೆ ಅರಗಿನ ಲೇಪವನ್ನು ಕೊಡಲು ಹೇಳುತ್ತವೆ. ಅರಗು ಪೆಟ್ರೋಲಿನಲ್ಲಿ ಕರಗದು, ಮದ್ಯಸಾರದಲ್ಲಿ ಕರಗುತ್ತದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲನ್ನು ೨೦೨೩ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು; ಅಂತಹ ಪೆಟ್ರೋಲಿನಲ್ಲಿ ಅರಗು ಕರಗಿ, ಬೆಂಡು ನೆನೆದು ಮುಳುಗಿ, ಕರಗಿದ ಅಂಟು ಇಂಜಿನ್ನಿನವರೆಗೂ ಹೋಗುತ್ತದೆ. ಆದುದರಿಂದ ಹಳೆಯ ಬೆಂಡನ್ನು ತೆಗೆದು ಚೀಟಿ ಬರೆದು ಜೋಪಾನವಾಗಿಟ್ಟು, ಅದೇ ಗಾತ್ರದ ಹಿತ್ತಾಳೆಯ ತೇಲನ್ನು ಜೋಡಿಸುವುದು ಒಳ್ಳೆಯದು. ಕಾಣದ ಭಾಗವನ್ನು ಬದಲಿಸಿ, ಕಾಣುವ ಮುಖವನ್ನು ಹಾಗೆಯೇ ಉಳಿಸುವುದು ನಮಗೆ ಒಪ್ಪಿಗೆಯಾದ ನಿಯಮ. ಯುದ್ಧಕಾಲದ ಜೀಪುಗಳ ಮಾಪಕಗಳಲ್ಲಿ ಮುಖವನ್ನು ಮುಟ್ಟದಿರಲು ಇನ್ನೊಂದು ಕಾರಣವೂ ಇದೆ. ಕತ್ತಲೆಯಲ್ಲಿ ಹೊಳೆಯಲೆಂದು ಕೆಲವಕ್ಕೆ ರೇಡಿಯಂ ಬಣ್ಣವನ್ನು ಬಳಿದಿದ್ದರು. ಹೊಳಪು ಈಗ ಆರಿದ್ದರೂ ರೇಡಿಯಮ್ಮಿನ ಅರ್ಧಾಯುಷ್ಯ ೧೬೦೦ ವರ್ಷ. ಅದನ್ನು ಕೆರೆದ ಪುಡಿಯು ಉಸಿರಿನೊಡನೆ ಒಳಗೆ ಹೋಗಬಾರದು.

ಮಾಪಕವನ್ನು ಮನೆಯವರಿಗೆ ಹಿಂದಿರುಗಿಸಿದ್ದೇವೆ. ಮುಳ್ಳು ಏಳುತ್ತದೆ. ಮೂರು ಚುಕ್ಕೆಗಳೂ ಇದ್ದಲ್ಲಿಯೇ ಇವೆ. ಅವುಗಳ ಸ್ಥಾನವನ್ನು ಅಳತೆಯೊಡನೆ ಚಿತ್ರಿಸಿ ನಮ್ಮ ವಿಭಾಗದಲ್ಲಿ ಇಟ್ಟುಕೊಂಡಿದ್ದೇವೆ. ನಾಲ್ಕನೆಯದನ್ನು ಅಂದಾಜಿನ ಮೇಲೆ ಮತ್ತೆ ಬಿಡಿಸಿಕೊಡಿರೆಂದು ಹಿರಿಯರು ಕೇಳಿದರು. ಗದಗಿಗೆ ಹೋಗಿಬರಲು ಆ ಗಾಡಿಗೆ ಎಷ್ಟು ಪೆಟ್ರೋಲು ಬೇಕೆಂದು ಲೆಕ್ಕ ಹಾಕಿ ಆ ಜಾಗವನ್ನು ಗುರುತಿಸುವುದು ಅಸಾಧ್ಯವೇನಲ್ಲ. ಆದರೆ ಅದು ನಮ್ಮ ಚುಕ್ಕೆಯಾಗುತ್ತಿತ್ತು, ಚಾಲಕನದಾಗುತ್ತಿರಲಿಲ್ಲ. ಆ ಜಾಗವನ್ನು ಬರಿದಾಗಿಯೇ ಬಿಟ್ಟಿದ್ದೇವೆ.